ಒಂದೇ ಡಬ್ಬಿ, ಎರಡು ರೈಫಲ್

ಅಂಬಾಮಠದ ಜಾತ್ರೆಯಲ್ಲಿ ಬಲೂನ್ ಒಡೆಯೋ ಅಂಗಡಿ ಮುಂದೆ ನಿಂತು ದುಡ್ಡು ಕಳ್ಕೊಳ್ಳದ ಹುಡುಗ ಸಿಂಧನೂರು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಬನದ ಹುಣ್ಣಿಮೆಗೆ ಗೊರೇಬಾಳದಿಂದ ನಾವೂ ಹೋಗ್ತಿದ್ದೆವು. ನಾನು ಕೆಂಪು ಬಲೂನಿಗೆ ಗುರಿ ಇಟ್ಟರೆ ಗುಂಡು ಪಕ್ಕದ ಹಲಗೆಗೆ ಬೀಳೋದು. "ನಳಿಗೀನ ಸೊಟ್ಟ ಐತಿ" ಅಂತ ಗೆಳೆಯರು ಹೇಳೋರು. ನಾನು ಮಾತ್ರ ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ.

ಈಗ ಮೂವತ್ತರ ಹತ್ತಿರ. ಬೆಂಗಳೂರಿನಲ್ಲಿ ಕೋಡ್ ಬರೆಯೋ ಕೆಲಸ, ಭಾನುವಾರ ಹತ್ತು ಮೀಟರ್ ಏರ್ ರೈಫಲ್. ಎರಡು ವರ್ಷದ ಹಿಂದೆ ಸ್ವಂತ ರೈಫಲ್ ತಗೊಂಡೆ. ಅಂಕ ಏರದಿದ್ದಾಗ ಈ ಸಲ ಕೈಯನ್ನು ಬಿಟ್ಟು ಪೆಲೆಟ್ ಮೇಲೆ ಅನುಮಾನ ಪಟ್ಟೆ.

ಅನುಮಾನ ಪೂರ್ತಿ ಸುಳ್ಳೇನಲ್ಲ. ಪೆಲೆಟ್ ಅಂದ್ರೆ ಅರ್ಧ ಗ್ರಾಂ ತೂಕದ, ನಡು ಸಣ್ಣಗಿರೋ ಸೀಸದ ತುಂಡು. ಡಬ್ಬಿ ಮೇಲೆ 4.49, 4.50 ಅಂತ ತಲೆಯ ಅಳತೆ ಇರುತ್ತೆ, ಜೊತೆಗೆ ಲಾಟ್ ನಂಬರ್. ಒಂದೇ ಕಂಪನಿ, ಒಂದೇ ಅಳತೆ ಇದ್ದರೂ ಲಾಟ್ ಬದಲಾದ್ರೆ ಗುಣ ಬದಲಾಗಬಹುದು. ಎರಡು ಬ್ಯಾರೆಲ್‌ಗಳೂ ಕೂದಲೆಳೆಯಷ್ಟು ಬೇರೆ ಬೇರೆ. ಹಾಗಾಗಿ ಯಾವ ಪೆಲೆಟ್ ಯಾವ ಬ್ಯಾರೆಲ್ಲಿಗೆ ಒಗ್ಗುತ್ತೆ ಅಂತ ಹೊಡೆದೇ ನೋಡಬೇಕು. ಪಾಯಿಂಟ್ 22 ಗುಂಡು ಮಾಡೋ ಬರ್ಮಿಂಗ್‌ಹ್ಯಾಮ್‌ನ ಈಲಿ ಕಂಪನಿ ಇದಕ್ಕಂತಲೇ ರೇಂಜ್ ಇಟ್ಟಿದೆ. ಶೂಟರ್‌ಗಳು ತಮ್ಮ ರೈಫಲ್ ಅಲ್ಲಿಗೇ ಹೊತ್ತು, ಲಾಟ್ ಮೇಲೆ ಲಾಟ್ ಹೊಡೆದು, ಒಗ್ಗಿದ್ದನ್ನು ಕೊಂಡು ತರ್ತಾರೆ.

ನನಗೆ ಬರ್ಮಿಂಗ್‌ಹ್ಯಾಮ್ ದೂರ. ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ಆರು ಡಬ್ಬಿ ಒಯ್ದೆ. ಭತ್ತದ ಚೀಲ ಇಡೋ ನಮ್ಮ ಶೆಡ್ಡಿನಲ್ಲಿ ಗಾಳಿ ಇಲ್ಲ, ಟೇಪ್ ಹಿಡಿದರೆ ಹತ್ತು ಮೀಟರ್ ಸರಿಯಾಗಿ ಸಿಕ್ಕಿತು. ರೈಫಲ್‌ಗೆ ಹಳೇ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಸುತ್ತಿ ಕಬ್ಬಿಣದ ವೈಸ್‌ಗೆ ಬಿಗಿದೆ. ಗುರಿಯ ಹಿಂದೆ ಮರಳಿನ ಚೀಲ, ಬಾಗಿಲಿಗೆ ಚಿಲಕ. ಒಂದೊಂದು ಡಬ್ಬಿಯಿಂದ ಐದೈದು ಗುಂಡು ಹೊಡೆದು, ದೂರದ ಎರಡು ತೂತುಗಳ ನಡುವಿನ ಅಂತರ ವರ್ನಿಯರ್‌ನಲ್ಲಿ ಅಳೆದು, ಲ್ಯಾಪ್‌ಟಾಪ್‌ಗೆ ಹಾಕಿದೆ. ಮೂರನೇ ಡಬ್ಬಿ ಗೆದ್ದಿತು, 0.9 ಮಿಲಿಮೀಟರ್. ಐದನೆಯದು ಕೊನೆ, 2.4. ಗ್ರಾಫ್ ಬಹಳ ಚೆಂದ ಬಂದಿತ್ತು.

ಅಪ್ಪ ಚೀಲದ ಮೇಲೆ ಕೂತು ಎಲ್ಲಾ ನೋಡ್ತಿದ್ದರು. "ಇದು ನಿನ್ನ ಬಂದೂಕಕ್ಕ ಆತು. ಎರಿ ಹೊಲದಾಗ ಚಲೋ ಬಂದ ಬೀಜ ಮಸಾರಿಯಾಗೂ ಹಂಗ ಬರತೈತೇನು?" ಅಂದರು. ನಮ್ಮದು ಎರಿ ಹೊಲ, ಮಸ್ಕಿ ಕಡೆ ಅಜ್ಜಿ ಮನೆಯದು ಮಸಾರಿ, ಅಪ್ಪ ಎರಡರಲ್ಲೂ ಬಿತ್ತಿದವರು. ನಾನು "ಹ್ಞೂಂ" ಅಂತ ಕೈ ತೊಳೆಯೋಕೆ ಎದ್ದೆ. (ಸೀಸ ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯಬಾರದು, ಇದು ತಮಾಷೆ ಅಲ್ಲ.)

ಬೆಂಗಳೂರಿಗೆ ಬಂದವನೇ ಮೂರನೇ ಡಬ್ಬಿಯ ಲಾಟ್‌ನಲ್ಲೇ ಹತ್ತು ಡಬ್ಬಿ ಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ಈ ಕಾಲಂ ಬರೆಯೋ ಪ್ರಸಂಗ ಬರ್ತಿರಲಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಅವರಪ್ಪ ಕ್ಯಾಬ್ ಓಡಿಸ್ತಾರೆ, ಅವಳು ಹೊಡೆಯೋದು ಕ್ಲಬ್ಬಿನ ರೈಫಲ್‌ನಲ್ಲಿ. ನನಗಿಂತ ಎಷ್ಟೋ ಚೆನ್ನಾಗಿ ಹೊಡೀತಾಳೆ. ಅರ್ಹತಾ ಸುತ್ತಿನ ಹಿಂದಿನ ವಾರ ಅವಳಿಗೆ ಗ್ರಾಫ್ ತೋರಿಸಿ, "ಇದನ್ನೇ ಹಾಕು, ಟೆಸ್ಟ್ ಮಾಡಿದ್ದೀನಿ" ಅಂತ ಎರಡು ಡಬ್ಬಿ ಕೊಟ್ಟೆ. ಇಂಜಿನಿಯರ್ ಅಣ್ಣ ಹೇಳಿದ್ದು, ನಂಬಿದಳು. ಅರವತ್ತು ಗುಂಡು ಮುಗಿದಾಗ ಕಟ್‌ಆಫ್‌ಗೆ 1.2 ಕಡಿಮೆ.

1.2 ಅಂದ್ರೆ ಎಷ್ಟು? ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಗುಂಡು ನಡುವಿನಿಂದ ಕಾಲು ಮಿಲಿಮೀಟರ್ ಸರಿದರೆ 0.1 ಹೋಯಿತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 700.5 ಅಂಕಕ್ಕೆ, ಬೆಳ್ಳಿ 699.7ಕ್ಕೆ. ವ್ಯತ್ಯಾಸ 0.8.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಕೈಯ ತಪ್ಪು, ಪೆಲೆಟ್‌ನ ತಪ್ಪು ನೇರವಾಗಿ ಕೂಡೋದಿಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೀಬೇಕು. ನನ್ನ ಕೈ ಸುಮಾರು 6 ಮಿಲಿಮೀಟರ್ ಅಲ್ಲಾಡುತ್ತೆ. ಪೆಲೆಟ್‌ನ ತಪ್ಪು ಅರ್ಧ ಇದ್ದದ್ದು 1.2 ಆದರೂ ಒಟ್ಟು 6.02 ಹೋಗಿ 6.12 ಆಗುತ್ತೆ ಅಷ್ಟೇ, ಕಣ್ಣಿಗೂ ಕಾಣಲ್ಲ. ಅವಳ ಕೈ 2 ಅಂತ ಇಟ್ಕೊಳ್ಳಿ. ಅದೇ ಬದಲಾವಣೆಗೆ 2.06 ಹೋಗಿ 2.33. ಗುಂಡಿಗೆ 0.1 ಹೋಯ್ತು, ಅರವತ್ತಕ್ಕೆ ಆರು. ಪೆಲೆಟ್ ಆರಿಸೋದರಿಂದ ನನಗೆ ಏನೂ ಲಾಭ ಇರಲಿಲ್ಲ. ಲಾಭ ಇದ್ದವಳಿಗೆ ನಾನು ಕೊಟ್ಟದ್ದು ನನ್ನ ರೈಫಲ್‌ನ ಉತ್ತರ.

ಇನ್ನೊಂದು ತಪ್ಪೂ ಇತ್ತು. ಐದು ಗುಂಡಿನ ಒಂದು ಗುಂಪು ಏನನ್ನೂ ಹೇಳಲ್ಲ, ಬರೀ ಅದೃಷ್ಟಕ್ಕೂ ಚಿಕ್ಕದಾಗಬಹುದು. ಆಫೀಸಿನಲ್ಲಿ ಯಾರಾದ್ರೂ ಟೆಸ್ಟ್ ಒಂದೇ ಸಲ ಓಡಿಸಿ ಪಾಸ್ ಅಂದ್ರೆ ನಾನೇ ರಿವ್ಯೂನಲ್ಲಿ ವಾಪಸ್ ಕಳಿಸ್ತೀನಿ.

ಮುಂದಿನ ಭಾನುವಾರ ಅವಳಿಗೂ ಅವರಪ್ಪನಿಗೂ ನಡೆದದ್ದು ಹೇಳಿದೆ. ಅವರು ಏನೂ ಅನ್ನಲಿಲ್ಲ; ಬೈದಿದ್ದರೆ ಹಗುರಾಗ್ತಿತ್ತು. ಕೋಚ್ ಸರ್ ಕೇಳಿ ಕ್ಲಬ್ಬಿನ ರೈಫಲ್ ವೈಸ್‌ಗೆ ಕಟ್ಟಿದೆವು. ಆರೂ ಲಾಟ್, ಪ್ರತಿಯೊಂದಕ್ಕೂ ಹತ್ತು ಗುಂಡಿನ ಐದು ಗುಂಪು, ಸರದಿ ಬದಲಿಸಿ ಬದಲಿಸಿ. ಮಧ್ಯಾಹ್ನದವರೆಗೂ ಹಿಡೀತು. ನನ್ನ ಮೂರನೇ ಲಾಟ್ ಆ ರೈಫಲ್‌ನಲ್ಲಿ ಸರಾಸರಿ 3.1 ಹರಡಿತು. ಚೆನ್ನಾಗಿ ಕೂತದ್ದು ನಾನು ಕೊನೆಗಿಟ್ಟಿದ್ದ ಐದನೆಯದು, 1.2. ಆರರಲ್ಲಿ ಅದೇ ಅಗ್ಗದ್ದು.

ಅಂಗಡಿಯಲ್ಲಿ ಆ ಲಾಟ್‌ನ ಎರಡೇ ಡಬ್ಬಿ ಉಳಿದಿದ್ದವು. ನಾನು ಕೊಡಿಸ್ತೀನಿ ಅಂದರೂ ಅವರಪ್ಪನೇ ದುಡ್ಡು ಕೊಟ್ಟರು. ಮುಚ್ಚಳದ ಮೇಲೆ ಅವಳು ಮಾರ್ಕರ್‌ನಲ್ಲಿ 'ಮ್ಯಾಚ್' ಅಂತ ಬರೆದಳು. ಸಾವಿರ ಪೆಲೆಟ್, ಮುಂದಿನ ವರ್ಷದ ಸುತ್ತಿಗೆ ಸಾಕು. ಪ್ರಾಕ್ಟೀಸಿಗಾದರೂ ನನ್ನ ಹತ್ರ ಉಳಿದ ಎಂಟು ಡಬ್ಬಿ ತಗೋ ಅಂದೆ.

"ಬೇಡಣ್ಣ. ಅದ್ರಲ್ಲಿ ಹೊಡೆದ್ರೆ ತಪ್ಪು ನಂದಾ ಪೆಲೆಟ್‌ದಾ ಗೊತ್ತಾಗಲ್ಲ."

ಎಂಟೂ ಈಗ ನನ್ನ ಮೇಜಿನ ಕೆಳಗಿವೆ. ನನ್ನ ಕೈಗೆ ಅವು ಸಾಕು.