ಅಲ್ಲಿ ಸಂಜೆ, ಇಲ್ಲಿ ಬೆಳಗು

ಮಕ್ಕಳೇ, ಪಣಂಬೂರಿನಲ್ಲಿ ಸೂರ್ಯ ಕಡಲಿಗಿಳಿಯುವುದನ್ನು ನೋಡಿದ್ದೀರಲ್ಲ? ಅಮೆರಿಕದ ಪಶ್ಚಿಮ ಕರಾವಳಿಯ ಎನ್ಸಿನಿಟಾಸ್ ಊರಿನಲ್ಲೂ ಸೂರ್ಯ ಮುಳುಗುವುದು ಸಮುದ್ರದಲ್ಲೇ. 1975ರಲ್ಲಿ ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರು ಮಗ ಮಂಜು ಅವರೊಡನೆ ಅಲ್ಲಿಗೆ ಯೋಗ ಕಲಿಸಲು ಹೋದರು. ತಂದೆ ಮೈಸೂರಿಗೆ ಮರಳಿದರು; ಮಗ ಅಲ್ಲೇ ನಿಂತು ಗುರುವಾದರು.

ವಿದ್ಯೆ ಕಡಲು ದಾಟಿತು, ಮಗ ಮನೆಯಿಂದ ದೂರವಾದರು. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೂ ಇದನ್ನು ಜಮೆಗೆ ಬರೆಯಬೇಕೋ ಖರ್ಚಿಗೋ ತಿಳಿಯದು.

ಈಗ ನನ್ನ ಮೊಮ್ಮಗಳೂ ಅದೇ ಕರಾವಳಿಗೆ ಯೋಗ ಕಲಿಸಲು ಹೊರಟಿದ್ದಾಳೆ. ಅವಳ ಅಜ್ಜಿಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ.

ನಾನೆಂದೆ: “ಹೋಗು ಮಗಾ. ಅಲ್ಲಿ ಸಂಜೆಯಾಗುವಾಗ ಇಲ್ಲಿ ಬೆಳಗಾಗುತ್ತದೆ. ಪಾಠ ಮುಗಿಸಿ ಫೋನು ಮಾಡು. ಅಜ್ಜ ಚಾಪೆ ಹಾಸಿ ಕಾಯುತ್ತಿರುತ್ತೇನೆ.”