ರೈತರ ಫೋನು ನಿಮ್ಮ ಪ್ರಯೋಗಶಾಲೆಯಲ್ಲ

ಮಾರುಕಟ್ಟೆ ದರ, ಮಳೆ ಮುನ್ಸೂಚನೆ, ಗ್ರಾಮಸಭೆ ತಾರೀಖು ಎಲ್ಲವನ್ನೂ ಮೆಸೇಜಲ್ಲೇ ಕಳಿಸುತ್ತೇವೆ ಎಂದು ಹೊರಟ ಹುಡುಗ ಹುಡುಗಿಯರು ಈಗ ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಸಂತೋಷ. ಆದರೆ ಅದು ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ರೈತರ ಫೋನಿನಲ್ಲೇ ನೋಡುವುದು ಬೇಡ. ‘ಇದು ಟೆಸ್ಟ್, ಗಮನಿಸಬೇಡಿ’ ಎಂಬ ಮೆಸೇಜು ನಾಲ್ಕು ಸಲ ಬಂದರೆ, ಐದನೆಯದು ನಿಜವಾದ ಎಚ್ಚರಿಕೆಯಾದರೂ ಯಾರು ತೆರೆಯುತ್ತಾರೆ?

ಇಂಥ ಸೇವೆಗಳಲ್ಲಿ ಎಷ್ಟೋ ಕಡೆ ಮೆಸೇಜ್ ಬ್ರೋಕರ್ ಎಂಬ ಸಾಫ್ಟ್‌ವೇರ್ ಇರುತ್ತದೆ. ಮಂಡಿ ದಲ್ಲಾಳಿಯಲ್ಲ, ಕಮಿಷನ್ ಕೇಳುವುದಿಲ್ಲ! ಅಂಚೆ ಕಚೇರಿಯಂತೆ ಬಂದದ್ದನ್ನು ಸಾಲಿನಲ್ಲಿಟ್ಟು, ಕಳಿಸುವ ಪ್ರೋಗ್ರಾಮಿಗೆ ಒಂದೊಂದಾಗಿ ಕೊಡುತ್ತದೆ. ‘ಮುಗಿಯಿತು’ ಎಂಬ ಉತ್ತರ ಬರುವ ಮೊದಲೇ ಸಂಪರ್ಕ ತಪ್ಪಿದರೆ ಮತ್ತೆ ಸಾಲಿಗೆ ಸೇರಿಸುತ್ತದೆ. 2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯೂ ಇವುಗಳಲ್ಲಿ ಹೆಸರಾದದ್ದು, ಉಚಿತ. ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆಂದು ಮಾಡಿಕೊಂಡ ಎರ್ಲಾಂಗ್ ಭಾಷೆಯಲ್ಲಿ ಅದನ್ನು ಬರೆದಿದ್ದಾರೆ.

ಪರೀಕ್ಷೆಗೆ ಬಾಡಿಗೆ ಸರ್ವರ್ ಬೇಕು ಎನ್ನುವುದು ನೆಪ. ಲ್ಯಾಪ್‌ಟಾಪಿನಲ್ಲಿ ಡಾಕರ್ ಇದ್ದರೆ ಒಂದೇ ಕಮಾಂಡಿಗೆ ಬ್ರೋಕರ್ ಏಳುತ್ತದೆ. ಬೇಕಾದ್ದೆಲ್ಲ ಒಳಗೇ ಕಟ್ಟಿಟ್ಟ ಬುತ್ತಿಯಂಥದ್ದು ಈ ಕಂಟೇನರ್. ಪೇಟೆಯ ವೈಫೈನಲ್ಲಿ ಒಮ್ಮೆ ಇಳಿಸಿಕೊಂಡು ಬಂದರೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ಓಡುತ್ತದೆ. ಮ್ಯಾನೇಜ್‌ಮೆಂಟ್ ಇರುವ ಇಮೇಜ್ ತೆಗೆದುಕೊಂಡು 15672ನೇ ಪೋರ್ಟ್ ತೆರೆದಿಟ್ಟರೆ, ಸಾಲಿನಲ್ಲಿ ಎಷ್ಟಿವೆ ಎಂದು ಬ್ರೌಸರಿನಲ್ಲೇ ಕಾಣುತ್ತದೆ.

ಓಡಿತು ಎಂದು ಅಲ್ಲಿಗೇ ಕೈಬಿಡುತ್ತಾರೆ, ನಮ್ಮ ತಕರಾರು ಅದು. ನಮ್ಮಲ್ಲಿ ಕರೆಂಟ್ ಹೇಳದೆ ಹೋಗುತ್ತದೆ. ಅದನ್ನೇ ಮೇಜಿನ ಮೇಲೆ ಮಾಡಿ ನೋಡಿ. ಸುಳ್ಳು ನಂಬರುಗಳಿಗೆ ನೂರು ಮೆಸೇಜು ಸಾಲಿಗೆ ಹಾಕಿ, ಕಂಟೇನರ್ ನಿಲ್ಲಿಸಿ, ಮತ್ತೆ ಎಬ್ಬಿಸಿ, ಎಣಿಸಿ. ಸಾಲನ್ನು ಡ್ಯೂರಬಲ್, ಮೆಸೇಜನ್ನು ಪರ್ಸಿಸ್ಟೆಂಟ್ ಎಂದು ಗುರುತು ಮಾಡಿರದಿದ್ದರೆ ಕಳೆದುಹೋಗಿರುತ್ತವೆ. ಕಂಟೇನರನ್ನೇ ಅಳಿಸಿ ಹೊಸದು ಮಾಡುವುದಾದರೆ ಡೇಟಾ ಹೆಸರಿಟ್ಟ ವಾಲ್ಯೂಮಿನಲ್ಲಿರಬೇಕು, ಹೋಸ್ಟ್‌ನೇಮ್ ಕೂಡ ಹಳೆಯದೇ ಇರಬೇಕು; ರ‍್ಯಾಬಿಟ್‌ಎಂಕ್ಯೂ ಆ ಹೆಸರಿನಲ್ಲೇ ಡೇಟಾ ಹುಡುಕುತ್ತದೆ.

ಆಮೇಲೆ ಕಳಿಸುವ ಪ್ರೋಗ್ರಾಮನ್ನು ನಡುವೆ ಕೊಲ್ಲಿ. ಒಂದೇ ಮೆಸೇಜು ಎರಡು ಸಲ ಹೋಗಬಹುದು. ‘ನಾಳೆ ಸಭೆ’ ಎಂಬುದು ಸಭೆಯ ಮರುದಿನ ತಲುಪಿದರೆ ಒಬ್ಬರ ಕೂಲಿ ಹಾಳು, ಬಸ್ ಚಾರ್ಜೂ ಹಾಳು. ಇಷ್ಟು ಹೊತ್ತಾದ ಮೇಲೆ ಎಸೆದುಬಿಡು ಎಂದು ಅವಧಿ ಹಾಕಲು ಬ್ರೋಕರಿನಲ್ಲಿ ಅವಕಾಶವಿದೆ.

ಲ್ಯಾಪ್‌ಟಾಪಿನಲ್ಲಿ ಟವರ್ ಸಮಸ್ಯೆ ಗೊತ್ತಾಗುವುದಿಲ್ಲ, ನಿಜ. ಅದಕ್ಕೆ ಮೊದಲು ನಿಮ್ಮ ಮನೆಯವರ ಐದಾರು ಫೋನು ಸಾಕು. ಊರಿನ ನಂಬರ್ ಪಟ್ಟಿ ಕೇಳಿಕೊಂಡು ಯಾರಾದರೂ ಬಂದರೆ ಓದುಗರೂ ಕೇಳಿ: ನಡುವೆ ನಿಲ್ಲಿಸಿ ನೋಡಿದ್ದೀರಾ, ನೂರರಲ್ಲಿ ಎಷ್ಟು ಉಳಿದವು?