ಪೆನಾಲ್ಟಿ ಮುಗಿಯಲಿ ಎಂದು ಎದೆನೋವು ಕಾಯುವುದಿಲ್ಲ

ಈ ವಾರದ ಆರೋಗ್ಯದ ಮಾತು ಫುಟ್‌ಬಾಲ್ ನೋಡುವವರಿಗೆ. ಅವರಿಗಿಂತ ಹೆಚ್ಚಾಗಿ ಅವರ ಮನೆಯವರಿಗೆ.

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ನಿಮಗೆ ನೆನಪಿರಬಹುದು. ಅರ್ಜೆಂಟೀನಾ 2-0 ಮುಂದಿತ್ತು. 80ನೇ ನಿಮಿಷಕ್ಕೆ ಎಂಬಾಪೆ ಒಂದು ಗೋಲು, ಮರುನಿಮಿಷವೇ ಇನ್ನೊಂದು. ಡೊಂಬಿವಲಿಯ ನಮ್ಮ ದೊಡ್ಡಪ್ಪನಿಗೆ ಎದೆ ಹಿಡಿದಂತಾದದ್ದು ಆಗಲೇ. ಗ್ಯಾಸು ಅಂದುಕೊಂಡು ಸೋಡಾ ಕುಡಿದರು. ಹೆಚ್ಚುವರಿ ಅರ್ಧ ಗಂಟೆ, 3-3, ಪೆನಾಲ್ಟಿ, ಮೆಸ್ಸಿ ಕಪ್ ಎತ್ತಿದ್ದು, ಎಲ್ಲ ನೋಡಿಯೇ ದೊಡ್ಡಮ್ಮನನ್ನು ಎಬ್ಬಿಸಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಜೀವ ಉಳಿಯಿತು, ಹೃದಯದ ಸ್ನಾಯು ಒಂದಿಷ್ಟು ಹೋಯಿತು. ಈಗ ಸ್ಟೇಷನ್ನಿನ ಬ್ರಿಡ್ಜ್ ಹತ್ತಬೇಕಾದರೆ ನಡುವೆ ಎರಡು ಸಲ ನಿಲ್ಲುತ್ತಾರೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲ ವೈದ್ಯರು ಲೆಕ್ಕ ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಆಗಿದ್ದವು. ಮೊದಲೇ ಹೃದಯದ ಕಾಯಿಲೆ ಇದ್ದವರಲ್ಲಿ ಸುಮಾರು 4 ಪಟ್ಟು. ಆಟ ಶುರುವಾದ ಮೊದಲ ಎರಡು ಗಂಟೆಯಲ್ಲೇ ಹೆಚ್ಚು. ಉದ್ವೇಗದಲ್ಲಿ ಅಡ್ರಿನಲಿನ್ ಏರುತ್ತದೆ, ಬಿಪಿ ಏರುತ್ತದೆ, ರಕ್ತನಾಳದ ಒಳಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬು ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಇಷ್ಟು ಓದಿದ ಕೂಡಲೇ ನಿಮ್ಮಲ್ಲಿ ಕೆಲವರು ಮನೆಯ ಹಿರಿಯರಿಗೆ "ಇನ್ನು ಮ್ಯಾಚ್ ಗೀಚ್ ಬೇಡ" ಅನ್ನುತ್ತೀರಿ. ನನಗೆ ಇದು ಒಪ್ಪಿಗೆಯಿಲ್ಲ. ಊರು ಬಿಟ್ಟು ಬಂದ ಗಂಡಸಿಗೆ ಈ ಪಟ್ಟಣದಲ್ಲಿ ಮಾತಿಗೆ ಸಿಗುವ ಜನ ಎಷ್ಟು? 2019ರ ಮಾರ್ಚ್ 17ರಂದು ಅಂಧೇರಿಯ ಮೈದಾನದಲ್ಲಿ ಐಎಸ್‌ಎಲ್ ಫೈನಲ್‌ಗೆ ದೊಡ್ಡಪ್ಪ ನನ್ನನ್ನೂ ಎಳೆದುಕೊಂಡು ಹೋಗಿದ್ದರು. 117ನೇ ನಿಮಿಷದ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟು ಗೋವಾ ಮೇಲೆ ಬೆಂಗಳೂರನ್ನು ಗೆಲ್ಲಿಸಿದ. ಭೇಕೆ ಮುಂಬೈ ಹುಡುಗ, ಗೆದ್ದದ್ದು ನಮ್ಮ ಬೆಂಗಳೂರು! ಹತ್ತೇ ಜನ ಉಳಿದಿದ್ದ ಗೋವಾದವರು ಕಾರ್ನರ್‌ನಲ್ಲಿ ಅವನನ್ನು ಯಾರು ಹಿಡಿಯಬೇಕಿತ್ತು ಎಂಬ ಚರ್ಚೆ ಲೋಕಲ್ ಟ್ರೇನಿನಲ್ಲಿ ಒಂದು ವಾರ ನಡೆಯಿತು. ಅದನ್ನು ಕಿತ್ತುಕೊಂಡರೆ ಅವರ ಆಯಸ್ಸು ಹೆಚ್ಚುತ್ತದೆ ಎಂದು ನಾನು ನಂಬುವುದಿಲ್ಲ.

ನನ್ನ ಕಣ್ಣಿಗೆ ಹೆಚ್ಚು ಅಪಾಯದ್ದು ಒಬ್ಬರೇ ನೋಡುವುದು. ಯುರೋಪಿನ ಆಟ ನಮಗೆ ರಾತ್ರಿ ಹನ್ನೆರಡೂವರೆ, ಒಂದೂವರೆಗೆ. ಒಂದು ಬೆಡ್‌ರೂಮಿನ ಮನೆ, ಮಕ್ಕಳು ಏಳಬಾರದೆಂದು ಕಿವಿಗೆ ಇಯರ್‌ಫೋನ್, ಹಾಫ್‌ಟೈಮಿಗೆ ಬಾಲ್ಕನಿಯಲ್ಲಿ ಸಿಗರೇಟು, ರಾತ್ರಿಯ ಮಾತ್ರೆ ಮರೆತೇ ಹೋಗಿರುತ್ತದೆ. ಆ ಹೊತ್ತಿಗೆ ಎದೆ ಬಿಗಿದರೆ ನೋಡುವವರು ಯಾರು? ಬಿಪಿ, ಸಕ್ಕರೆ ಕಾಯಿಲೆ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮ್ಯಾಚಿನ ರಾತ್ರಿ ಯಾರಾದರೂ ಒಬ್ಬರು ಜೊತೆಗೆ ಕೂತುಕೊಳ್ಳಿ. ಮಾತ್ರೆ ಆಟಕ್ಕೆ ಮೊದಲೇ ಕೈಗೆ ಕೊಟ್ಟುಬಿಡಿ.

ಎದೆಯ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಸ್ಕೋರು ಎಷ್ಟೇ ಇರಲಿ, ಎದ್ದುಬಿಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಬರಬಹುದು. ಹೆಂಗಸರಲ್ಲೂ ಕೆಲವೊಮ್ಮೆ ಹಾಗೆಯೇ. ಅವರನ್ನು ಮೆಟ್ಟಿಲು ಇಳಿಸಬೇಡಿ, ಸ್ಕೂಟರ್ ಓಡಿಸಲು ಬಿಡಬೇಡಿ. 112ಕ್ಕೆ ಫೋನ್ ಮಾಡಿ. ರಾತ್ರಿಯಲ್ಲೂ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ನಿಮ್ಮ ಹತ್ತಿರ ಯಾವುದು ಎಂದು ಇವತ್ತೇ ಕೇಳಿ ಬರೆದಿಡಿ. ಹೊಸ ಊರಿನಲ್ಲಿ ನಮಗೆ ಗೊತ್ತಿಲ್ಲದಿರುವುದು ಇದೇ. ನಮ್ಮ ಮನೆಯಲ್ಲಿ ಅರ್ಧ ಗಂಟೆ ಹೋದದ್ದು ಈ ವಿಚಾರಣೆಗೇ.

ದೊಡ್ಡಪ್ಪ ಈಗಲೂ ಮ್ಯಾಚ್ ನೋಡುತ್ತಾರೆ. ಪಕ್ಕದಲ್ಲಿ ದೊಡ್ಡಮ್ಮ ಸೊಪ್ಪು ಬಿಡಿಸುತ್ತ ಕೂತಿರುತ್ತಾರೆ. ಆಫ್‌ಸೈಡ್ ಅಂದರೆ ಏನೆಂದು ಅವರಿಗೆ ಇನ್ನೂ ತಿಳಿದಿಲ್ಲ, ಆದರೆ ಕಣ್ಣು ಇರುವುದು ಟಿವಿಯ ಮೇಲಲ್ಲ.